‘ಬರೀ ಡಿಗ್ರಿ’ ಆಗಿದ್ದು ಹೇಗೆ?

ನಮ್ಮ ಕಡೆಯ ಮಾತಿನಲ್ಲಿ ಒಂದು ವಿಚಿತ್ರ ಇದೆ, ಗಮನಿಸಿದ್ದೀರಾ? ಎಂಜಿನಿಯರಿಂಗ್ ಓದ್ತಿರೋ ಹುಡುಗನನ್ನ ಮದುವೆ ಮನೆಯಲ್ಲಿ ಯಾರಾದರೂ “ಏನಪ್ಪಾ ಓದ್ತಿದ್ದೀಯಾ?” ಅಂತ ಕೇಳಿದರೆ “ಎಂಜಿನಿಯರಿಂಗ್” ಅಂತಾನೆ. ಮೆಡಿಕಲ್ ಓದ್ತಿರೋಳು “ಮೆಡಿಕಲ್” ಅಂತಾಳೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದ್ತಿರೋರು ಮಾತ್ರ “ಡಿಗ್ರಿ” ಅಂತಾರೆ. ಅದೂ ದನಿ ಸ್ವಲ್ಪ ತಗ್ಗಿಸಿ, “ಸುಮ್ನೆ ಡಿಗ್ರಿ ಮಾಡ್ತಿದ್ದೀನಿ ಅಂಕಲ್” ಅಂತ. ಲೆಕ್ಕಕ್ಕೆ ಬಿ.ಇ.ಯೂ ಡಿಗ್ರಿಯೇ, ಎಂ.ಬಿ.ಬಿ.ಎಸ್ಸೂ ಡಿಗ್ರಿಯೇ. ಆದರೆ ಕರ್ನಾಟಕದಲ್ಲಿ ‘ಡಿಗ್ರಿ ಕಾಲೇಜು’ ಅಂದರೆ ಅವೆರಡೂ ಅಲ್ಲದ ಕಾಲೇಜು ಅಂತಲೇ ಅರ್ಥ.

ನೂರು ವರ್ಷದ ಹಿಂದೆ ಪರಿಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ ಇತ್ತು. ಬಿ.ಎ. ಅನ್ನೋ ಎರಡು ಅಕ್ಷರ ಒಮ್ಮೆ ಹೆಸರಿಗೆ ಅಂಟಿಕೊಂಡರೆ ಸಾಯೋವರೆಗೂ ಬಿಡ್ತಿರಲಿಲ್ಲ. ಪುಸ್ತಕದ ಮುಖಪುಟದಲ್ಲಿ, ಲಗ್ನಪತ್ರಿಕೆಯಲ್ಲಿ, ಮನೆ ಬಾಗಿಲಿನ ಬೋರ್ಡಿನಲ್ಲಿ ಎಲ್ಲ ಕಡೆ ಅದು ಇರಲೇಬೇಕಿತ್ತು. ‘ಬಿ.ಎ. ಫೇಲ್’ ಅಂತ ಬರೆದುಕೊಳ್ಳೋರೂ ಇದ್ದರು ಅನ್ನೋದು ಹಳಬರ ಜೋಕು. ಅಷ್ಟು ಎತ್ತರದಲ್ಲಿದ್ದ ಪದ ‘ಬರೀ ಡಿಗ್ರಿ’ ಆಗೋವಷ್ಟು ಕೆಳಗಿಳಿದದ್ದು ಹೇಗೆ?

ಇದನ್ನ ಬರೀ ಕುತೂಹಲಕ್ಕೆ ಕೇಳ್ತಿಲ್ಲ. ಪ್ರತಿ ವರ್ಷ ಸಿ.ಇ.ಟಿ. ರಿಸಲ್ಟ್ ಬಂದ ಕೂಡಲೇ ನಮ್ಮಂಥವರಿಗೆಲ್ಲ ನೆಂಟರ ಮನೆಗಳಿಂದ ಫೋನ್ ಬರೋಕೆ ಶುರುವಾಗುತ್ತೆ. ಬೆಂಗಳೂರಲ್ಲಿ ಕೆಲಸದಲ್ಲಿದ್ದೀವಿ ಅನ್ನೋದೇ ನಮ್ಮ ಅರ್ಹತೆ. “ಇಷ್ಟು ರ‍್ಯಾಂಕ್ ಬಂದಿದೆ, ಯಾವ ಬ್ರಾಂಚ್ ಹಾಕೋಣ?” ಅಂತ ಕೇಳ್ತಾರೆ. ನಾವು ನಮ್ಮ ಆಫೀಸಲ್ಲಿ ಹೋದ ವಾರ ಯಾರನ್ನ ಸೇರಿಸಿಕೊಂಡರು ಅನ್ನೋದನ್ನ ನೆನಪಿಸಿಕೊಂಡು ಏನೋ ಒಂದು ಹೇಳಿಬಿಡ್ತೀವಿ. ಹದಿನೇಳು ಹದಿನೆಂಟು ವರ್ಷದ ಒಂದು ಹುಡುಗಿ ಮುಂದಿನ ನಲವತ್ತು ವರ್ಷವನ್ನ ಆ ಮಾತಿನ ಮೇಲೆ ನಿಲ್ಲಿಸ್ತಾಳೆ. ಹಾಗೆ ಹೇಳೋ ಮೊದಲು, ಯಾವ ಡಿಗ್ರಿ ದೊಡ್ಡದು, ಯಾವುದು ಸಣ್ಣದು ಅನ್ನೋ ಪಟ್ಟಿ ನಮ್ಮ ತಲೆಯಲ್ಲಿ ಬಂದು ಕೂತದ್ದು ಹೇಗೆ ಅಂತ ಒಮ್ಮೆ ನೋಡಿಕೊಳ್ಳೋದು ಒಳ್ಳೇದು.

ಶುರುವಾಗಿದ್ದು ಸರ್ಕಾರಿ ನೌಕರಿಯಿಂದ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಅಂತ ಘೋಷಿಸಿದ. ಹತ್ತು ವರ್ಷದ ಮೇಲೆ, 1854ರಲ್ಲಿ, ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣ ಪತ್ರ ಬಂತು. ಅದರ ಫಲವಾಗಿ 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಲಂಡನ್ ವಿಶ್ವವಿದ್ಯಾಲಯದ ಮಾದರಿಯ ಈ ಸಂಸ್ಥೆಗಳು ಮೊದಮೊದಲು ಪಾಠವನ್ನೇ ಮಾಡ್ತಿರಲಿಲ್ಲ. ಪಾಠ ಕಾಲೇಜುಗಳ ಕೆಲಸ, ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡೋದು ವಿಶ್ವವಿದ್ಯಾಲಯದ ಕೆಲಸ. ಕಲಿಕೆಯೂ ಸರ್ಟಿಫಿಕೇಟೂ ಎರಡು ಬೇರೆ ಬೇರೆ ಸಂಗತಿ ಅನ್ನೋದು ನಮ್ಮ ವ್ಯವಸ್ಥೆಯ ಅಡಿಪಾಯದಲ್ಲೇ ಇದೆ.

ಕಲ್ಕತ್ತಾದಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆದದ್ದು 1858ರಲ್ಲಿ. ಪಾಸಾದವರು ಇಬ್ಬರೇ. ಅದರಲ್ಲೂ ಇಬ್ಬರಿಗೂ ಒಂದು ವಿಷಯದಲ್ಲಿ ಗ್ರೇಸ್ ಮಾರ್ಕ್ಸ್ ಕೊಡಬೇಕಾಯಿತು. ಆ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟರ್ಜಿ. ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದ ಕಾದಂಬರಿಗಳ ಮೂಲಕ ನಮ್ಮ ಅಜ್ಜ ಮುತ್ತಜ್ಜಂದಿರು ಓದಿದ ಅದೇ ಬಂಕಿಮರು. ಅದೇ ವರ್ಷ ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆದರು. ಬಿ.ಎ.ಗೆ ಬೆಲೆ ಬಂದದ್ದು ಅದರ ಸಿಲಬಸ್ಸಿನಿಂದ ಅಲ್ಲ. ಅದರ ಆಚೆ ಬದಿಗೆ ಕಚೇರಿಯ ಕುರ್ಚಿ ಇತ್ತು, ಆ ಕುರ್ಚಿಗೆ ಅರ್ಹತೆ ಇರೋರು ಬೆರಳೆಣಿಕೆಯಷ್ಟೇ ಇದ್ದರು. ಅದಕ್ಕೇ ಆ ಬೆಲೆ.

ಮೈಸೂರು ಸೀಮೆಯ ಕತೆಯೂ ಹೀಗೇ ಸಾಗುತ್ತೆ. 1858ರಲ್ಲಿ ಬೆಂಗಳೂರಿನಲ್ಲಿ ಹೈಸ್ಕೂಲಾಗಿ ಶುರುವಾದ ಸಂಸ್ಥೆ 1875ರ ಹೊತ್ತಿಗೆ ಸೆಂಟ್ರಲ್ ಕಾಲೇಜ್ ಆಯಿತು. ಆದರೆ ಡಿಗ್ರಿ ಕೊಡ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯ. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನ ಕಳಕೊಂಡವರು. ಬೇರೆ ಮಕ್ಕಳಿಗೆ ಮನೆಪಾಠ ಹೇಳಿ, ಆ ದುಡ್ಡಲ್ಲಿ ಓದಿ, 1881ರಲ್ಲಿ ಇಲ್ಲಿ ಮುಗಿಸಿದ್ದು ಬಿ.ಎ. ಹೌದು, ಸರ್ ಎಂ.ವಿ. ಬಿ.ಎ. ಪದವೀಧರರು! ಎಂಜಿನಿಯರಿಂಗ್ ಕಲಿಯೋಕೆ ಮೈಸೂರು ಸಂಸ್ಥಾನದಲ್ಲಿ ಆಗ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋದರು. 1883ರಲ್ಲಿ ಅಲ್ಲಿನ ಪರೀಕ್ಷೆಯಲ್ಲಿ ಮೊದಲಿಗರಾದರು, ಮರುವರ್ಷ ಮುಂಬೈ ಪ್ರಾಂತ್ಯದ ಪಿ.ಡಬ್ಲ್ಯು.ಡಿ.ಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಇಲ್ಲೂ ಸರ್ಕಾರಿ ಕುರ್ಚಿಯೇ, ನೋಡಿ. ನಮ್ಮ ದೇಶದ ಹಳೇ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಹುಟ್ಟಿದ್ದು ಸರ್ಕಾರದ ಒಂದೊಂದು ಅಗತ್ಯಕ್ಕೆ. ಮದ್ರಾಸಿನ ಗಿಂಡಿ ಕಾಲೇಜಿನ ಬೇರು 1794ರ ಸರ್ವೇ ಸ್ಕೂಲಿನಲ್ಲಿದೆ. ರೂರ್ಕಿಯ ಕಾಲೇಜು 1847ರಲ್ಲಿ ಶುರುವಾಗಿದ್ದು ಗಂಗಾ ಕಾಲುವೆ ಕಟ್ಟೋಕೆ ಜನ ಬೇಕಾಗಿದ್ದರಿಂದ. ಪುಣೆಯದ್ದು 1854ರಲ್ಲಿ ಪಿ.ಡಬ್ಲ್ಯು.ಡಿ.ಯ ಕೆಳಹಂತದ ನೌಕರರಿಗೆ ತರಬೇತಿ ಕೊಡೋಕೆ. ಅಂದರೆ, ‘ಎಂಜಿನಿಯರಿಂಗ್’ ಅಂದಾಗ ಆಗಿನ ಜನರ ಕಣ್ಣಿಗೆ ಬರ್ತಿದ್ದದ್ದು ಸೇತುವೆ, ಕಾಲುವೆ, ರಸ್ತೆ, ಸರ್ಕಾರಿ ಬಂಗಲೆ. ಇವತ್ತು ಸಿ.ಇ.ಟಿ. ಪಟ್ಟಿಯಲ್ಲಿ ತೀರಾ ಕೆಳಗಿರೋ ಸಿವಿಲ್ ಬ್ರಾಂಚೇ ಆಗ ಬಹುಮಟ್ಟಿಗೆ ಇಡೀ ಎಂಜಿನಿಯರಿಂಗ್.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ, ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಆರ್ಟ್ಸ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಸೈನ್ಸ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು, ಅದೇ ಇವತ್ತಿನ ಯು.ವಿ.ಸಿ.ಇ. 1924ರಲ್ಲಿ ಮೆಡಿಕಲ್ ಕಾಲೇಜು ಬೆಂಗಳೂರಲ್ಲಿ ಶುರುವಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ಹೀಗೆ ಒಬ್ಬ ಹುಡುಗನ ಮುಂದೆ, ಊರುಬಿಟ್ಟು ದೂರ ಹೋಗದೆಯೇ, ನಿಜವಾದ ‘ಆಯ್ಕೆ’ ಅನ್ನೋದು ಬಂದದ್ದು ಬರೀ ನೂರು ವರ್ಷದ ಹಿಂದೆ.

ಆದರೆ ಯಾವ ಹುಡುಗ? ಈ ಪ್ರಶ್ನೆ ಆಗಲೇ ಎದ್ದಿತ್ತು. ಕುರ್ಚಿ ಸಿಗೋದು ಡಿಗ್ರಿ ಇದ್ದೋರಿಗೆ, ಡಿಗ್ರಿ ಸಿಗೋದು ಪಟ್ಟಣದಲ್ಲಿ ಓದೋ ಅನುಕೂಲ ಇದ್ದೋರಿಗೆ. ಹೀಗಾಗಿ ಕಚೇರಿಗಳಲ್ಲೆಲ್ಲ ಬಹುಪಾಲು ಬ್ರಾಹ್ಮಣರೇ ತುಂಬಿಕೊಂಡಿದ್ದರು. ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಆ ಸಮಿತಿ ಹೇಳಿತು. ಈ ನೀತಿಯನ್ನ ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅತ್ತ ಸಮುದಾಯಗಳೂ ಕೈಕಟ್ಟಿ ಕೂತಿರಲಿಲ್ಲ. 1906ರಲ್ಲೇ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ. ಹಳ್ಳಿಯಿಂದ ಬಂದ ಹುಡುಗರ ಮಟ್ಟಿಗೆ ಕೋರ್ಸ್ ಆಯ್ಕೆಗಿಂತ ಮೊದಲ ಪ್ರಶ್ನೆ ಎಲ್ಲಿ ಉಣ್ಣೋದು, ಎಲ್ಲಿ ಮಲಗೋದು ಅನ್ನೋದಾಗಿತ್ತು. ಫ್ರೀ ಹಾಸ್ಟೆಲ್ ಯಾವ ಊರಲ್ಲಿದೆಯೋ ಆ ಊರಿನ ಕಾಲೇಜು, ಆ ಕಾಲೇಜಲ್ಲಿ ಏನಿದೆಯೋ ಅದೇ ಓದು.

ಇದಕ್ಕೆ ಒಂದು ಒಳ್ಳೇ ಉದಾಹರಣೆ ಮೈಸೂರಿನಲ್ಲೇ ಪಾಠ ಹೇಳಿದವರದ್ದು. ಎಸ್. ರಾಧಾಕೃಷ್ಣನ್ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುವಾಗ ಮನೆಯಲ್ಲಿ ದುಡ್ಡಿಲ್ಲ. ಅದೇ ಕಾಲೇಜಿನಲ್ಲಿ ಓದು ಮುಗಿಸಿದ ಸೋದರ ಸಂಬಂಧಿಯೊಬ್ಬರು ತಮ್ಮ ಹಳೇ ಫಿಲಾಸಫಿ ಪುಸ್ತಕಗಳನ್ನ ಕೊಟ್ಟರು. ಪುಸ್ತಕ ಪುಕ್ಕಟೆ ಸಿಕ್ಕಿತು, ಹಾಗಾಗಿ ಫಿಲಾಸಫಿ. 1918ರಲ್ಲಿ ಅವರು ಮಹಾರಾಜ ಕಾಲೇಜಿಗೆ ಪ್ರೊಫೆಸರ್ ಆಗಿ ಬಂದರು. 1921ರಲ್ಲಿ ಕಲ್ಕತ್ತಾಗೆ ಹೊರಟಾಗ ಹುಡುಗರೇ ಅವರ ಗಾಡಿಯನ್ನ ರೈಲ್ವೇ ಸ್ಟೇಷನ್ನಿನವರೆಗೂ ಎಳೆದುಕೊಂಡು ಹೋದರಂತೆ. ಮುಂದೆ ರಾಷ್ಟ್ರಪತಿಯಾದದ್ದು ಗೊತ್ತೇ ಇದೆ. ಇದನ್ನ ಓದಿ “ನೋಡಿ, ಯಾವುದು ಸಿಕ್ಕರೂ ಸಾಧಿಸಬಹುದು” ಅಂತ ಯಾರೂ ಭಾಷಣ ಮಾಡಬಾರದು. ಅದೇ ಕಾಲದಲ್ಲಿ ಯಾರೋ ಕೊಟ್ಟ ಪುಸ್ತಕ ಓದಿ ಎಲ್ಲೂ ದಡ ಸೇರದವರ ಹೆಸರು ನಮಗೆ ಸಿಗೋದಿಲ್ಲ. ನಾನು ಈ ಪ್ರಸಂಗದಿಂದ ತಗೊಳ್ಳೋದು ಇಷ್ಟೇ: ಆಯ್ಕೆಯಲ್ಲಿ ದುಡ್ಡಿನ ಪಾಲು ಇವತ್ತಿನದ್ದಲ್ಲ, ಅದು ಯಾವಾಗಲೂ ಇತ್ತು. ಅದನ್ನ ನಾಚಿಕೆ ಇಲ್ಲದೆ ಮೊದಲೇ ಲೆಕ್ಕ ಹಾಕಬೇಕು.

ಹುಡುಗಿಯರ ಆಯ್ಕೆ ಇನ್ನೂ ಇಕ್ಕಟ್ಟಿನದ್ದು. ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಂಗಸು ಅನ್ನೋ ಕಾರಣಕ್ಕೆ ಬೇಡ ಅಂದರು. ಆಕೆ ಪಟ್ಟು ಬಿಡದೆ, ಷರತ್ತುಗಳ ಮೇಲೆ ಸೀಟು ಗಿಟ್ಟಿಸಿಕೊಂಡು, 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್‌.ಡಿ. ಪಡೆದರು. ನಾವು ಕಮಲಾ ಸೊಹೊನಿ ಅಂತ ಓದೋದು ಇವರನ್ನೇ. ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಶಾಲೆ ಮುಗಿಸಿದಾಗ ಇತಿಹಾಸ ಓದಬೇಕು ಅಂದುಕೊಂಡಿದ್ದವರು. ಕೊನೆಗೆ ಹಿಡಿದದ್ದು ಗಣಿತ, ಫಿಸಿಕ್ಸ್. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ.ಗೆ ಮೊದಲ ರ‍್ಯಾಂಕ್. ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಮಿಷಿಗನ್‌ಗೆ ಹೋಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿತು, ಐ.ಐ.ಎಸ್ಸಿ.ಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾಗಳ ಮೇಲೆ ಕೆಲಸ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನ ಕರೀತಾರೆ. ಅವರ ಮೊದಲ ಡಿಗ್ರಿ ನಮ್ಮ ಲೆಕ್ಕದಲ್ಲಿ ‘ಬರೀ ಬಿ.ಎಸ್ಸಿ.’

ಹಾಗಾದರೆ ಪಟ್ಟಿ ತಲೆಕೆಳಗಾಗಿದ್ದು ಯಾವಾಗ? ಸ್ವಾತಂತ್ರ್ಯದ ಆಸುಪಾಸಿನಿಂದ, ನಿಧಾನವಾಗಿ. ಬೆಂಗಳೂರಲ್ಲಿ 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಪಿ.ಡಬ್ಲ್ಯು.ಡಿ.ಯ ಜತೆಗೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರಿಗೂ ಕಂಪನಿ ಬಸ್ಸು, ಕ್ವಾರ್ಟರ್ಸು, ಕ್ಯಾಂಟೀನು ಸಿಕ್ಕಿತು. ಖಾಸಗಿಯವರೂ ಕಾಲೇಜು ತೆಗೆದರು. 1946ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ.ಎಸ್., ಮೈಸೂರಿನಲ್ಲಿ ಎನ್.ಐ.ಇ., 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜನ್ನೇ ಕಟ್ಟಿದರು. ಡಿಗ್ರಿ ಕಾಲೇಜುಗಳೂ ಊರೂರಿಗೆ ಬಂದವು. ಬಿ.ಎ. ಆದವರು ಬೆರಳೆಣಿಕೆ ಹೋಗಿ ಊರಿಗೆ ಹತ್ತು, ಆಮೇಲೆ ಬೀದಿಗೆ ಹತ್ತು ಆದರು. ಕುರ್ಚಿ ಅದೇ ವೇಗದಲ್ಲಿ ಹೆಚ್ಚಲಿಲ್ಲ. ಬಿ.ಎ. ಅಗ್ಗವಾಗಿದ್ದು ಅದರೊಳಗಿನ ಓದು ಕೆಟ್ಟದ್ದು ಅಂತಲ್ಲ, ಎಲ್ಲರಿಗೂ ಸಿಗೋಕೆ ಶುರುವಾಯಿತು ಅಂತ. ಹಿಂದೆ ಸಿಗದೇ ಇದ್ದವರಿಗೆ ಸಿಕ್ಕಿದ್ದು ಒಳ್ಳೇದೇ ಅಲ್ವಾ? ಆದರೆ ಸಿಕ್ಕ ಹೊತ್ತಿಗೇ ಅದರ ಬೆಲೆ ಇಳಿದಿತ್ತು ಅನ್ನೋದು ಆ ತಲೆಮಾರಿನ ನೋವು.

ನಡುವೆ ಬಿ.ಕಾಂ., ಬಿ.ಎಸ್ಸಿ.ಗೆ ಮತ್ತೊಂದು ಸುಗ್ಗಿ ಬಂತು. 1969ರ ಜುಲೈನಲ್ಲಿ ಇಂದಿರಾ ಗಾಂಧಿ 14 ಬ್ಯಾಂಕುಗಳನ್ನ ರಾಷ್ಟ್ರೀಕರಣ ಮಾಡಿದರು. ಅದರಲ್ಲಿ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ಹಳ್ಳಿ ಹಳ್ಳಿಗೆ ಶಾಖೆ ತೆರೆದವು. ಬ್ಯಾಂಕ್ ಪರೀಕ್ಷೆ ಪಾಸಾದ ಬಿ.ಕಾಂ. ಹುಡುಗ ಮದುವೆ ಮಾರ್ಕೆಟ್ಟಿನಲ್ಲಿ ಎಂಜಿನಿಯರಿಗೆ ಸಮನಾಗಿ ನಿಲ್ತಿದ್ದ. ನಮ್ಮ ಅಪ್ಪ ಅಮ್ಮಂದಿರ ಕಾಲದ ಮನೆಗಳಲ್ಲಿ ‘ಬ್ಯಾಂಕ್‌ನೋರು’ ಅನ್ನೋ ಮಾತಿಗಿದ್ದ ತೂಕ ನೆನಪಿರಬಹುದು. ಕಂಪ್ಯೂಟರ್ ಬಂದು ಲೆಡ್ಜರ್ ಹೋದ ಮೇಲೆ ಆ ಸುಗ್ಗಿಯೂ ಇಳೀತು.

ಈಗಿನ ಪಟ್ಟಿ ಅಚ್ಚುಹಾಕಿದಂತೆ ಗಟ್ಟಿಯಾಗಿದ್ದು ಮಾತ್ರ 1980 ಮತ್ತು 90ರ ದಶಕಗಳಲ್ಲಿ, ಕೋರ್ಟ್ ಕಚೇರಿಗಳ ಮೂಲಕ. ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಹೆಚ್ಚಿದಂತೆ ‘ಡೊನೇಷನ್’ ಅನ್ನೋ ಪದ ಮನೆಮಾತಾಯಿತು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ತಂತು. 1989ರಲ್ಲಿ ಅದೇ ಕಾಯ್ದೆಯಡಿ ಹೊರಟ ಅಧಿಸೂಚನೆ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಫೀಸನ್ನ ಹೀಗೆ ಇಟ್ಟಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರ ರಾಜ್ಯದವರಿಗೆ 60,000. ಒಂದೇ ಬೆಂಚು, ಒಂದೇ ಪಾಠ, ಮೂವತ್ತು ಪಟ್ಟು ವ್ಯತ್ಯಾಸ. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಕೋರ್ಟು ಇದು ಕ್ಯಾಪಿಟೇಷನ್ ಶುಲ್ಕವೇ, ಸಂವಿಧಾನಕ್ಕೆ ವಿರುದ್ಧ ಅಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು, ಎರಡೂ ಮೆರಿಟ್ ಮೇಲೆ ಅನ್ನೋ ಸೂತ್ರ ಕೊಟ್ಟಿತು. ಆ ಮೆರಿಟ್ ಪಟ್ಟಿ ಮಾಡೋಕೆ ಒಂದು ಯಂತ್ರ ಬೇಕಲ್ಲ? 1994ರಲ್ಲಿ ನಮ್ಮಲ್ಲಿ ಸಿ.ಇ.ಟಿ. ಸೆಲ್ ಹುಟ್ಟಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಿನಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಉನ್ನಿಕೃಷ್ಣನ್ ಸೂತ್ರವನ್ನ ಬದಿಗಿಟ್ಟಿತು. ಆದರೆ ರ‍್ಯಾಂಕ್ ಪದ್ಧತಿ ಉಳಿಯಿತು.

ಸಿ.ಇ.ಟಿ. ದೊಡ್ಡ ಉಪಕಾರ ಮಾಡಿತು, ಅದರಲ್ಲಿ ಅನುಮಾನ ಇಲ್ಲ. ಶಿಫಾರಸ್ಸು, ಸೂಟ್‌ಕೇಸು ಎರಡೂ ಇಲ್ಲದ ಮನೆಯ ಮಗಳಿಗೆ ಒಳ್ಳೇ ಕಾಲೇಜಲ್ಲಿ ಸೀಟು ಸಿಗೋ ಹಾಗಾಯಿತು. ಆದರೆ ಜತೆಗೆ ಇನ್ನೊಂದೂ ಆಯಿತು. ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ, ಮುಂದೆ ನಿಂತವರಿಗೆ ಮೊದಲು ಆರಿಸೋ ಅವಕಾಶ ಕೊಟ್ಟಾಗ, ಮುಂದೆ ನಿಂತವರು ಆರಿಸಿದ್ದೇ ಒಳ್ಳೇದು ಅನ್ನೋ ಭಾವನೆ ತಾನಾಗಿ ಬಂತು. ಪ್ರತಿ ವರ್ಷ ಕಾಲೇಜುವಾರು ಕಟ್‌ಆಫ್ ರ‍್ಯಾಂಕ್ ಪ್ರಕಟವಾಗುತ್ತಲ್ಲ, ಅದು ನಿಜವಾಗಿ ಏನು? ಹೋದ ವರ್ಷ ಆ ಸೀಟು ಪಡೆದ ಕೊನೆಯ ವ್ಯಕ್ತಿಯ ರ‍್ಯಾಂಕ್. ಎಷ್ಟು ಜನಕ್ಕೆ ಅದು ಬೇಕಾಗಿತ್ತು ಅಂತ ಹೇಳುತ್ತೆ. ಅಲ್ಲಿ ಪಾಠ ಹೇಗಿದೆ, ಆ ವಿಷಯ ನಿಮಗೆ ಹಿಡಿಸುತ್ತಾ, ನೀವು ಹೊರಬರೋ ಹೊತ್ತಿಗೆ ಕೆಲಸ ಇರುತ್ತಾ ಅನ್ನೋದನ್ನ ಹೇಳೋದಿಲ್ಲ. “ಇಷ್ಟು ಒಳ್ಳೇ ರ‍್ಯಾಂಕ್ ಬಂದಿದೆ, ಬಿ.ಎಸ್ಸಿ. ಯಾಕೆ? ವೇಸ್ಟ್ ಆಗುತ್ತಲ್ಲ” ಅಂತ ಹೇಳೋದನ್ನ ನಾನೇ ಎಷ್ಟು ಸಲ ಕೇಳಿದ್ದೀನೋ! ರ‍್ಯಾಂಕ್ ಅನ್ನೋದು ಅವಧಿ ಮುಗಿಯೋದರೊಳಗೆ ಖರ್ಚು ಮಾಡಲೇಬೇಕಾದ ಕೂಪನ್ ಆಗಿಬಿಟ್ಟಿದೆ.

ಆ ಸಾಲಿನ ತುದಿಗೆ ಕಂಪ್ಯೂಟರ್ ಸೈನ್ಸ್ ಬಂದು ನಿಂತದ್ದು ಸಾಫ್ಟ್‌ವೇರ್‌ನಿಂದ. ಇನ್ಫೋಸಿಸ್ ಬೆಂಗಳೂರಿಗೆ ಬಂದದ್ದು 1983, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985, ಆಮೇಲೆ 1991ರ ಉದಾರೀಕರಣ. 1998ರಲ್ಲಿ ಬೆಳಗಾವಿಯಲ್ಲಿ ವಿ.ಟಿ.ಯು. ಶುರುವಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಆದರೆ ಈ ಉದ್ಯಮ ಕಟ್ಟಿದವರ ಓದು ನೋಡಿ. ಎನ್.ಆರ್. ನಾರಾಯಣ ಮೂರ್ತಿ 1967ರಲ್ಲಿ ಎನ್.ಐ.ಇ.ಯಲ್ಲಿ ಮುಗಿಸಿದ್ದು ಎಲೆಕ್ಟ್ರಿಕಲ್. ಐ.ಐ.ಟಿ.ಗೆ ಆಯ್ಕೆಯಾಗಿದ್ದರೂ ಮೇಷ್ಟರಾಗಿದ್ದ ತಂದೆಗೆ ಖರ್ಚು ಭರಿಸೋಕೆ ಆಗದೆ ಮೈಸೂರಲ್ಲೇ ಓದಿದರು. ನಂದನ್ ನಿಲೇಕಣಿ ಐ.ಐ.ಟಿ. ಬಾಂಬೆಯಲ್ಲಿ ಓದಿದ್ದೂ ಎಲೆಕ್ಟ್ರಿಕಲ್ಲೇ. ಅವರ ಕಾಲದ ಸುಗ್ಗಿ ಬೇರೆ ಇತ್ತು. ಆ ಸುಗ್ಗಿಗೆ ಓದಿದವರು ಈ ಸುಗ್ಗಿಯನ್ನ ಬಿತ್ತಿದರು. ಇವತ್ತು ನಾವು ಕೊಯ್ತಿರೋ ಬೆಳೆ ನೋಡಿ ಮುಂದಿನ ತಲೆಮಾರಿಗೆ ಅದೇ ಬೀಜ ಕೊಡ್ತಿದ್ದೀವಿ.

ಡಿಗ್ರಿಯ ಆಕಾರವೂ ನಿಂತಿಲ್ಲ. ಹೊಸ ಶಿಕ್ಷಣ ನೀತಿಯನ್ನ ದೇಶದಲ್ಲೇ ಮೊದಲು ಜಾರಿ ಮಾಡಿದ್ದು ನಾವು. 2021-22ರಿಂದ ನಾಲ್ಕು ವರ್ಷದ ಡಿಗ್ರಿ ಬಂತು. ಆ ಮೊದಲ ಬ್ಯಾಚು ಮೂರನೇ ವರ್ಷ ಮುಗಿಸೋ ಹೊತ್ತಿಗೆ, 2024ರಲ್ಲಿ, ಸರ್ಕಾರ ಮತ್ತೆ ಮೂರು ವರ್ಷಕ್ಕೆ ವಾಪಸ್ ಹೋಯಿತು. ಲಾ ಓದೂ ಹೀಗೇ ಬದಲಾಯಿತು. ನಮ್ಮ ತಾತಂದಿರಿಗೆ ಲಾ ಅಂದರೆ ಬಿ.ಎ. ಆದ ಮೇಲಿನ ಮಾತು. 1980ರ ದಶಕದ ಕೊನೆಯಲ್ಲಿ ಬೆಂಗಳೂರಲ್ಲಿ ನ್ಯಾಷನಲ್ ಲಾ ಸ್ಕೂಲ್ ಶುರುವಾಗಿ, ಪಿಯುಸಿ ಮುಗಿಸಿದ ಕೂಡಲೇ ಸೇರೋ ಐದು ವರ್ಷದ ಕೋರ್ಸಿಗೆ ದೇಶದಾದ್ಯಂತ ಹೆಸರು ಬಂತು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸೋದು ಇದು. ಕುರ್ಚಿ, ಕಾಲುವೆ, ಫ್ಯಾಕ್ಟರಿ, ಬ್ಯಾಂಕು, ಸಾಫ್ಟ್‌ವೇರು: ಪ್ರತಿ ತಲೆಮಾರಿನ ‘ದೊಡ್ಡ ಡಿಗ್ರಿ’ ಆ ಕಾಲದ ದೊಡ್ಡ ಕೆಲಸಗಾರಿಕೆಯ ನೆರಳು. ಕೆಲಸ ಕೊಡೋರು ಸರಿದಾಗ ನೆರಳೂ ಸರಿಯುತ್ತೆ. ಸುಗ್ಗಿಗಳು ಬದಲಾಗೋಕೆ ಒಂದು ತಲೆಮಾರು ಸಾಕು, ಓದಿದವರು ಅದಕ್ಕಿಂತ ಹೆಚ್ಚು ಕಾಲ ದುಡೀಬೇಕು. ಆದ್ದರಿಂದ ‘ಯಾವುದು ಈಗ ಮೇಲಿದೆ’ ಅನ್ನೋ ಪ್ರಶ್ನೆಯೊಂದನ್ನೇ ಹಿಡಿದು ಆರಿಸೋದು ಸಾಲದು. ಬೇರೆ ಕೆಲವು ಪ್ರಶ್ನೆ ಕೇಳಬೇಕು.

ಮೊದಲನೇದು, ನೀನು ಮಾಡಬೇಕು ಅಂದುಕೊಂಡಿರೋ ಕೆಲಸಕ್ಕೆ ಈ ಡಿಗ್ರಿ ಕಾನೂನಿನ ಪ್ರಕಾರ ಬೇಕೇ ಬೇಕಾ? ಡಾಕ್ಟರ್, ವಕೀಲ, ಆರ್ಕಿಟೆಕ್ಟ್, ಪಶುವೈದ್ಯರಿಗೆ ಬೇಕು. ಹೈಸ್ಕೂಲ್ ಮೇಷ್ಟರಿಗೆ ಬಿ.ಎಡ್. ಬೇಕು. ಈ ಬಾಗಿಲಿಗೆ ಬೀಗ ಹಾಕಿರೋದು ಕಾನೂನು, ಬೇರೆ ಕೀಲಿಕೈ ನಡೆಯೋದಿಲ್ಲ. ಆದರೆ ಸಾಫ್ಟ್‌ವೇರ್, ಪತ್ರಿಕೆ, ಜಾಹೀರಾತು, ಡಿಸೈನ್, ಬ್ಯಾಂಕು ಇವುಗಳ ಬೀಗ ಹಾಕಿರೋದು ಕೆಲಸ ಕೊಡೋರು. ಅವರು ಯಾವಾಗ ಬೇಕಾದರೂ ಬೀಗ ಬದಲಿಸ್ತಾರೆ. ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗೆ ಮಾನ್ಯತೆ ಇರೋ ಯಾವ ಡಿಗ್ರಿಯಾದರೂ ನಡೆಯುತ್ತೆ. ಸಿ.ಎ.ಗೆ ದಾರಿ ಅದರದ್ದೇ ಪರೀಕ್ಷೆಗಳು. ಅಂಥ ಕಡೆ ಹೋಗೋರು ಡಿಗ್ರಿಯ ಹೆಸರಿಗೆ ಲಕ್ಷಗಟ್ಟಲೆ ಸಾಲ ಮಾಡೋ ಮೊದಲು ಎರಡು ಸಲ ಯೋಚಿಸಲಿ.

ಎರಡನೇದು, ಇದನ್ನ ಆರಿಸಿದರೆ ಯಾವ ದಾರಿ ಮುಚ್ಚುತ್ತೆ? ಪಿಯುಸಿಯಲ್ಲಿ ಗಣಿತ ಬಿಟ್ಟರೆ ಎಂಜಿನಿಯರಿಂಗ್ ಹೋಯಿತು, ಬಯಾಲಜಿ ಬಿಟ್ಟರೆ ಮೆಡಿಕಲ್ ಹೋಯಿತು. ಯಾವ ಡಿಗ್ರಿ ಆದ ಮೇಲೂ ಮೂರು ವರ್ಷದ ಎಲ್‌ಎಲ್‌.ಬಿ. ಮಾಡಬಹುದು, ಎಂ.ಬಿ.ಎ. ಮಾಡಬಹುದು. ಡಿಪ್ಲೊಮಾ ಆದವರು ಎರಡನೇ ವರ್ಷದ ಬಿ.ಇ.ಗೆ ನೇರ ಸೇರಬಹುದು. ಆದರೆ ಬಿ.ಎ. ಆದವರು ಎಂ.ಎಸ್ಸಿ. ಫಿಸಿಕ್ಸ್‌ಗೆ ಹೋಗೋಕಾಗಲ್ಲ. ಮನಸ್ಸು ಇನ್ನೂ ಗಟ್ಟಿ ಇಲ್ಲದವರು ಹೆಚ್ಚು ದಾರಿ ತೆರೆದಿಡೋ ಓದನ್ನ ಹಿಡಿಯೋದರಲ್ಲಿ ಅವಮಾನ ಏನಿಲ್ಲ.

ಮೂರನೇದು, ದುಡ್ಡು. ಮನೆಪಾಠದ ದುಡ್ಡಿಂದ ಹಿಡಿದು ಪುಕ್ಕಟೆ ಪುಸ್ತಕ, ಹಾಸ್ಟೆಲ್, ಸರ್ಕಾರಿ ಸೀಟುವರೆಗೆ ಇದೇ ಕತೆ ತಾನೇ ನಾವು ನೋಡಿದ್ದು. ಬರೀ ಮೊದಲ ವರ್ಷದ ಫೀಸಲ್ಲ. ನಾಲ್ಕೂ ವರ್ಷದ ಫೀಸು, ಪಿ.ಜಿ., ಊಟ, ಬಸ್ಸು, ಸಾಲದ ಬಡ್ಡಿ ಎಲ್ಲ ಒಂದು ಹಾಳೆ ಮೇಲೆ ಬರೀಬೇಕು. ಅಪ್ಪ ಅಮ್ಮ ಈ ಲೆಕ್ಕವನ್ನ ಮಕ್ಕಳಿಂದ ಮುಚ್ಚಿಡಬಾರದು. ಹದಿನೆಂಟು ವರ್ಷಕ್ಕೆ ಓಟು ಹಾಕೋರಿಗೆ ಮನೆಯ ಸಾಲ ಅರ್ಥ ಆಗುತ್ತೆ.

ನಾಲ್ಕನೇದು, ದಿನಾ ಬೆಳಗ್ಗೆ ಎದ್ದು ಏನು ಓದ್ತೀಯಾ? ನಾವು ಸಲಹೆ ಕೊಡೋರು ಯಾರೂ ಇದನ್ನ ಕೇಳೋದೇ ಇಲ್ಲ. ಕೋರ್ಸಿನ ಹೆಸರಲ್ಲಿ ‘ಎ.ಐ.’ ಅಂತ ಇದೆಯಾ ಅಂತ ನೋಡ್ತೀವಿ, ಮೊದಲ ಎರಡು ವರ್ಷ ಅದರಲ್ಲಿ ಎಷ್ಟು ಗಣಿತ ಇದೆ ಅಂತ ನೋಡಲ್ಲ. ಗಣಿತ ಕಂಡರೆ ಹೊಟ್ಟೆ ನೋಯೋ ಹುಡುಗನಿಗೆ ಆ ಹೆಸರು ತಗೊಂಡು ಏನಾಗಬೇಕು? ಸಿಲಬಸ್ ವೆಬ್‌ಸೈಟಿನಲ್ಲೇ ಇರುತ್ತೆ. ಹೋದ ವರ್ಷದ ಪ್ರಶ್ನೆಪತ್ರಿಕೆಯೂ ಸಿಗುತ್ತೆ. ಎರಡನ್ನೂ ಮುಂದಿಟ್ಟುಕೊಂಡು ಒಂದು ಸಂಜೆ ಕೂತರೆ, ಯಾವ ಅಂಕಲ್ ಹೇಳೋದಕ್ಕಿಂತ ಹೆಚ್ಚು ಗೊತ್ತಾಗುತ್ತೆ.

ಮುಂದಿನ ಸಲ ಫೋನ್ ಬಂದಾಗ ಬ್ರಾಂಚಿನ ಹೆಸರು ಹೇಳಬೇಡಿ. ಆಪ್ಷನ್ ಎಂಟ್ರಿ ಮುಚ್ಚೋಕೆ ಇನ್ನೂ ಎಷ್ಟು ದಿನ ಇದೆ ಕೇಳಿ. ಅದರೊಳಗೆ ಒಂದು ಶನಿವಾರ ಆ ಹುಡುಗಿಯನ್ನ ಕರ್ಕೊಂಡು ಹೋಗಿ, ಅವಳು ಸೇರಬೇಕು ಅಂದುಕೊಂಡಿರೋ ಕಾಲೇಜಿನ ಗೇಟ್ ಎದುರಿನ ಟೀ ಅಂಗಡಿಯಲ್ಲಿ ಕೂತ್ಕೊಳ್ಳಿ. ಫೈನಲ್ ಇಯರ್ ಹುಡುಗರು ಬಂದೇ ಬರ್ತಾರೆ. ಪ್ಲೇಸ್‌ಮೆಂಟ್ ಎಷ್ಟು ಅಂತ ನೀವು ಕೇಳಿ. ಯಾವ ಸಬ್ಜೆಕ್ಟ್ ಓದೋವಾಗ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ, ಯಾವ ಮೇಷ್ಟರು ಕ್ಲಾಸಿಗೆ ಸರಿಯಾಗಿ ಬರ್ತಾರೆ, ಲ್ಯಾಬಿನಲ್ಲಿ ಕೈಯಾರೆ ಏನಾದರೂ ಮಾಡೋಕೆ ಬಿಡ್ತಾರಾ ಅನ್ನೋದನ್ನ ಅವಳೇ ಕೇಳಲಿ. ಟೀ ದುಡ್ಡು ಮಾತ್ರ ನೀವು ಕೊಡಿ.